ಚಿತ್ರಕ್ಕೊಂದು ವಿವರಣೆ, ನನಗೊಂದು ಎಕ್ಸ್‌ಟೆನ್ಷನ್

ಈ ಜೂನ್ ಮೂವತ್ತಕ್ಕೆ ನನಗೆ ಅರವತ್ತು ತುಂಬುತ್ತದೆ ಎಂಬ ಸಂಗತಿಯನ್ನು ನಾನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದೆ. ಆದರೆ ಕಂಪನಿಗೆ ಅದು ಗೊತ್ತಿತ್ತು. ಕಂಪನಿಗಿಂತ ಮೊದಲೇ ನನ್ನ ಹೆಂಡತಿ ಜಯಲಕ್ಷ್ಮಿಗೆ ಗೊತ್ತಿತ್ತು. ಜನವರಿಯಲ್ಲೇ ಅವಳು ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಇವರು ರಿಟೈರ್ ಆದ ಮೇಲೆ’ ಎಂದು ತಲೆಬರಹ ಕೊಟ್ಟು ಒಂದು ಪಟ್ಟಿ ಬರೆದು ಅಡುಗೆಮನೆ ಬಾಗಿಲಿಗೆ ನೇತುಹಾಕಿದಳು. ನೀರಿನ ಲಾರಿ ಬಂದಾಗ ಕೆಳಗೆ ಹೋಗಿ ನಿಲ್ಲುವುದು, ತೆಂಗಿನಕಾಯಿ ತುರಿಯುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ಅವಳ ಅಪ್ಪನನ್ನು ದಿನಾ ವಾಕಿಂಗ್ ಕರೆದುಕೊಂಡು ಹೋಗುವುದು... ಹತ್ತೊಂಬತ್ತನೇ ಐಟಂ ಓದುವ ಹೊತ್ತಿಗೆ ನನ್ನ ಬಿ.ಪಿ. ನೂರ ಅರವತ್ತಕ್ಕೆ ಏರಿತ್ತು.

ನಾನು ಸ್ವಲ್ಪ ಗಾಬರಿಯ ಮನುಷ್ಯ. (‘ಸ್ವಲ್ಪ’ ಎನ್ನುವುದು ನನ್ನ ಮಾತು. ಜಯಲಕ್ಷ್ಮಿಯನ್ನು ಕೇಳಿದರೆ ಬೇರೆ ಹೇಳುತ್ತಾಳೆ. ಅವಳನ್ನು ಕೇಳಬೇಡಿ.) ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುತ್ತೇನೆ, ಬಸ್‌ಸ್ಟಾಪಿನವರೆಗೆ ಹೋಗಿ, ಅನುಮಾನ ಬಂದು, ವಾಪಸು ಬಂದು ಐದನೆಯ ಸಲ ಎಳೆಯುತ್ತೇನೆ. ಇಂಥವನಿಗೆ ದಿನವಿಡೀ ಮನೆಯಲ್ಲಿರುವ ಶಿಕ್ಷೆ ಎಂದರೆ ಹೇಗೆ? ಅದಕ್ಕೆ ಇದ್ದದ್ದು ಒಂದೇ ಮದ್ದು. ನಮ್ಮ ಕಂಪನಿಯಲ್ಲಿ ಕೆಲವರಿಗೆ ಎರಡು ವರ್ಷ ಎಕ್ಸ್‌ಟೆನ್ಷನ್ ಕೊಡುತ್ತಾರೆ.

ಆಶ್ಚರ್ಯವೆಂದರೆ ಅದು ನನಗಿಂತ ಹೆಚ್ಚಾಗಿ ಅವಳಿಗೇ ಬೇಕಾಗಿತ್ತು.

“ನೋಡ್ರೀ, ಕಾಲೋ ಕೈಯೋ ಹಿಡಿದು ಆ ಎಕ್ಸ್‌ಟೆನ್ಷನ್ ವಾಂಗಿಕೊಂಡು ಬನ್ನಿ,” ಎಂದಳು. (ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ನಮ್ಮ ಕನ್ನಡ ಹೀಗೇ. ಅರ್ಧ ದಾರಿಯಲ್ಲಿ ತಮಿಳು ಹತ್ತಿಕೊಳ್ಳುತ್ತದೆ, ಕೊನೆಯ ಸ್ಟಾಪಿನಲ್ಲಿ ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ.) “ಭಾನುವಾರ ಒಂದಿನ ನೀವು ಮನೇಲಿದ್ರೇ ನಂಗೆ ತಲೆ ಸುತ್ತತ್ತೆ. ಹಾಲು ಉಕ್ಕತ್ತೆ, ಉಕ್ಕತ್ತೆ ಅಂತ ಫ್ರಿಜ್ಜಲ್ಲಿರೋ ಹಾಲಿಗೂ ಕೂಗ್ತೀರಿ.”

“ಹಾಗಿದ್ರೆ ಆ ಪಟ್ಟಿ ಯಾಕೆ ಬರೆದೆ?”

“ಎಕ್ಸ್‌ಟೆನ್ಷನ್ ಸಿಗ್ಲಿಲ್ಲ ಅಂದ್ರೆ ನಿಮ್ಮನ್ನ ಏನ್ಮಾಡೋದು ಅಂತ ನಾನೂ ಒಂದು ಯೋಚನೆ ಮಾಡ್ಬೇಕಲ್ವಾ?”

ನಾನು ಕೆಲಸ ಮಾಡುವುದು ಮಣಲಿಯ ಒಂದು ರಾಸಾಯನಿಕ ಕಾರ್ಖಾನೆಯ ದಾಖಲೆ ವಿಭಾಗದಲ್ಲಿ. ತಿರುವೊಟ್ಟಿಯೂರಿನ ನಮ್ಮ ಮನೆಯಿಂದ ಕಂಪನಿ ಬಸ್ಸಿನಲ್ಲಿ ಅರ್ಧ ಗಂಟೆ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಜನರಲ್ ಮ್ಯಾನೇಜರ್ ಸೋಮಲಿಂಗಪ್ಪನವರು ಕರೆಸಿದರು. ಅವರು ಗದಗಿನ ಕಡೆಯವರು. ಮೂವತ್ತು ವರ್ಷ ಚೆನ್ನೈಯಲ್ಲಿದ್ದರೂ ಅವರ ಕನ್ನಡದ ಖಾರ ಒಂದಿಷ್ಟೂ ಇಳಿದಿಲ್ಲ.

“ಮುರಳೀಧರ, ನಮ್ಮ ವೆಬ್‌ಸೈಟಿನ್ಯಾಗ ಹಳೇ ಕಾಗದಪತ್ರ ಎಷ್ಟ್ ಅದಾವ್ರಿ?”

“ನಾನೂರ ಹನ್ನೆರಡು ಸಾರ್. ತಿಂಗಳ ಪತ್ರಿಕೆ, ಸೇಫ್ಟಿ ರಿಪೋರ್ಟು, ಎಲ್ಲಾ ಸ್ಕ್ಯಾನ್ ಮಾಡಿ ಹಾಕಿದ್ದು.”

“ಅವನ್ನೆಲ್ಲಾ ಕಣ್ಣು ಕಾಣದವ್ರಿಗೂ ಓದಾಕ ಬರೋಹಂಗ ಮಾಡ್ಬೇಕಂತ ಹೆಡ್ ಆಫೀಸಿಂದ ಆರ್ಡರ್ ಬಂದೈತಿ. ಅವರ ಕಂಪ್ಯೂಟರ್ ಬಾಯಿ ಬಿಟ್ಟು ಓದ್ತೈತಿ. ನಮ್ಮ ಹಳೇ ಪೇಪರ್ ತಗದ್ರ ‘ಚಿತ್ರ, ಚಿತ್ರ’ ಅಂದು ಸುಮ್ನಾಗ್ತೈತಿ. ಜೂನ್ ಹತ್ತಕ್ಕ ಪರೀಕ್ಷಾ ಮಾಡಾಕ ಸದಾನಂದ ಅಂತ ಒಬ್ರು ಬರ್ತಾರ. ಇದೊಂದು ಪಾಸ್ ಮಾಡಿಸ್ರಿ, ನಿಮ್ಮ ಎಕ್ಸ್‌ಟೆನ್ಷನ್ ನಾ ನೋಡ್ಕೋತೀನಿ.”

ಆ ಆರ್ಡರನ್ನು ಏಳು ಸಲ ಓದಿದೆ. ನಾಲ್ಕನೆಯ ಪ್ಯಾರಾದಲ್ಲಿ ನನಗೆ ದೇವರು ಕಂಡ. ‘ಈಗ ಯಾರೂ ಬಳಸದೆ, ಬರಿಯ ದಾಖಲೆಗಾಗಿ ಉಳಿಸಿಕೊಂಡ ಹಳೆಯ ಕಡತಗಳನ್ನು ತಿದ್ದುವ ಅಗತ್ಯವಿಲ್ಲ, ಪ್ರತ್ಯೇಕ ಆರ್ಕೈವಿಗೆ ಹಾಕಿದರೆ ಸಾಕು.’ ಆಹಾ! ಕೂಡಲೇ ವೆಬ್‌ಸೈಟಿನ ಮೂಲೆಯಲ್ಲಿ ‘ಐತಿಹಾಸಿಕ ದಾಖಲೆಗಳ ಮಹಾಭಂಡಾರ’ ಎಂಬ ಕೋಣೆಯೊಂದನ್ನು ಸ್ಥಾಪಿಸಿ, ನಾನೂರ ಹನ್ನೆರಡನ್ನೂ ಹನ್ನೊಂದು ನಿಮಿಷದಲ್ಲಿ ಅದರೊಳಗೆ ತಳ್ಳಿ ಬಾಗಿಲು ಹಾಕಿದೆ. ಅವತ್ತು ಮಧ್ಯಾಹ್ನ ಮೊಸರನ್ನ ಎಷ್ಟು ರುಚಿಯಾಗಿತ್ತು ಎಂದರೆ ಡಬ್ಬಿಯನ್ನೇ ನೆಕ್ಕಿದೆ.

ಮಾರನೆಯ ದಿನ ಸದಾನಂದರ ಇ-ಮೇಲ್ ಬಂತು. ಭಂಡಾರ ಚೆನ್ನಾಗಿದೆ ಎಂದಿದ್ದರು. ಆದರೆ ಸುರಕ್ಷತೆಯ ಕಾಗದಗಳನ್ನು ಕೆಲಸಗಾರರು ಇಂದಿಗೂ ನೋಡುತ್ತಾರಲ್ಲ, ತಿಂಗಳ ಪತ್ರಿಕೆಗೆ ನಿಮ್ಮ ಮುಖಪುಟದಲ್ಲೇ ದಾರಿಯಿದೆಯಲ್ಲ, ಅವು ‘ಯಾರೂ ಬಳಸದ್ದು’ ಹೇಗಾಗುತ್ತವೆ ಎಂದು ಕೇಳಿದ್ದರು. ಭಂಡಾರದೊಳಗಿನದ್ದನ್ನಾದರೂ ಯಾರಾದರೂ ಕೇಳಿದರೆ ಓದಲು ಬರುವಂತೆ ಕೊಡಬೇಕಂತೆ. ‘ಜೂನ್ ಹತ್ತರಂದು ನನಗೆ ಬೇಕಾದ ಹತ್ತು ಕಡತಗಳನ್ನು ನಾನೇ ಆರಿಸಿ ಕೇಳುತ್ತೇನೆ.’

ಯಾವ ಹತ್ತು? ಅದನ್ನು ಹೇಳಿರಲಿಲ್ಲ. ಅಂದರೆ ನಾನೂರ ಹನ್ನೆರಡೂ ತಯಾರಿರಬೇಕು. ನನ್ನ ಎಡಗೈ ಜೋಮು ಹಿಡಿದಂತಾಯಿತು. (ಕುರ್ಚಿಯ ಕೈ ಮೇಲೆ ಒರಗಿಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಇ.ಸಿ.ಜಿ. ಆಗಿಹೋಗಿತ್ತು.)

“ಪರಣ್ ಮೇಲೆ ಹಾಕಿದ್ದನ್ನೆಲ್ಲಾ ಮತ್ತೆ ಕೆಳಗಿಳಿಸಿ ಧೂಳು ಹೊಡೀಬೇಕು ಅಂದ್ರು ಅನ್ನಿ,” ಎಂದಳು ಜಯಲಕ್ಷ್ಮಿ, ನಮ್ಮ ಅಡುಗೆಮನೆಯ ಅಟ್ಟದ ಕಡೆ ಕಣ್ಣು ತೋರಿಸುತ್ತಾ. “ಮೂವತ್ತು ವರ್ಷದಿಂದ ನಾನು ಹೇಳಿದ್ದಕ್ಕೆ ನೀವು ಒಂದು ಪಾತ್ರೆ ಇಳಿಸಿಲ್ಲ. ಆ ಮಹಾನುಭಾವರು ಒಂದು ಮೇಲ್ ಹಾಕಿದ್ದಕ್ಕೆ ನಾನೂರು ಇಳಿಸ್ತೀರಿ.”

ಅಕ್ಷರಗಳನ್ನು ಕಂಪ್ಯೂಟರೇ ಗುರುತಿಸಿ ಸರಿಮಾಡಿಕೊಂಡಿತು. ತಪ್ಪು ತಿದ್ದುವುದಷ್ಟೇ ನನ್ನ ಕೆಲಸ. ನನ್ನ ಗ್ರಹಚಾರವೆಲ್ಲ ಇದ್ದದ್ದು ಫೋಟೋಗಳಲ್ಲಿ. ಒಂದೊಂದು ಫೋಟೋದ ಹಿಂದೆಯೂ, ಅದರಲ್ಲಿ ಏನಿದೆ ಎಂದು ಒಂದು ವಿವರಣೆ ಬರೆದು ಸೇರಿಸಬೇಕು. ತಿಂಗಳ ಪತ್ರಿಕೆಗಳಲ್ಲಿ ಒಟ್ಟು ಒಂಬೈನೂರ ಮೂವತ್ತು ಫೋಟೋ. ಲ್ಯಾಪ್‌ಟಾಪನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟೆ.

ಇಲ್ಲಿ ನಮ್ಮ ಮಾವನವರ ಪ್ರವೇಶ. ತಿರುಮಲರಾಯರು, ಎಂಬತ್ತೈದು ವರ್ಷ, ಹಾರ್ಬರಿನಲ್ಲಿ ಗುಮಾಸ್ತರಾಗಿದ್ದವರು. ಅಮ್ಮನ ತಮ್ಮನಾದ್ದರಿಂದ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಹೀಗಾಗಿ ನನ್ನನ್ನು ಬೈಯಲು ಅವರಿಗೆ ಡಬಲ್ ಲೈಸೆನ್ಸ್. ಆರು ವರ್ಷದಿಂದ ಅವರಿಗೆ ಕಣ್ಣು ಕಾಣಿಸುವುದಿಲ್ಲ. ಫೋನಿನಲ್ಲಿ ಓದಿ ಹೇಳುವ ಹೆಣ್ಣುಧ್ವನಿಯೊಂದಿಗೆ ಅವರ ಸಂಸಾರ. “ನಿಧಾನಕ್ಕೆ ಹೇಳಮ್ಮ, ಓಡಬೇಡ,” ಎಂದು ಅದಕ್ಕೆ ಬುದ್ಧಿ ಹೇಳುತ್ತಾರೆ. ಪರೀಕ್ಷೆಗೆ ಮುಂಚೆ ಒಂದು ಪರೀಕ್ಷೆ ಆಗಲೆಂದು ನನ್ನ ಮೊದಲನೆಯ ಫೋಟೋವನ್ನು ಅವರ ಫೋನಿಗೆ ಕಳಿಸಿದೆ. (ನಾನು ಬರೆದದ್ದು ಇಂಗ್ಲಿಷಿನಲ್ಲಿ, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.)

“ಒಂದು ಸಮಾರಂಭದ ಚಿತ್ರ,” ಎಂದಿತು ಹೆಣ್ಣುಧ್ವನಿ.

ಮಾವ ಕಾದರು. ಮುಂದೆ ಏನೂ ಇಲ್ಲ.

“ಯಾವ ಸಮಾರಂಭವೋ ಮುರಳಿ? ಮದುವೆಯೋ ವೈಕುಂಠ ಸಮಾರಾಧನೆಯೋ?”

“ಬಹುಮಾನ ಕೊಡ್ತಾ ಇದಾರೆ ಮಾವ.”

“ಯಾರು ಯಾರಿಗೆ? ತಗೊಳ್ಳೋನು ಯಾರ ಪೈಕಿ? ಯಾಕೆ ಕೊಟ್ರು? ಇಷ್ಟೂ ಹೇಳದೇ ಇದ್ರೆ ಆ ಹುಡುಗಿ ಪಾಪ ಏನು ಓದ್ಬೇಕು?”

ನಮ್ಮ ಮನೆತನದಲ್ಲಿ ಇದೊಂದು ಪದ್ಧತಿ. ಯಾರ ಹೆಸರು ಬಂದರೂ ಯಾರ ಪೈಕಿ, ಯಾವ ಊರಿನವರು, ಯಾರ ಮನೆಗೆ ಹೆಣ್ಣು ಕೊಟ್ಟಿದ್ದಾರೆ ಎಂದು ತಿಳಿಯದೆ ಯಾರೂ ಮುಂದಿನ ಮಾತಿಗೆ ಹೋಗುವುದಿಲ್ಲ. ನಾನು ವಿವರಣೆಯನ್ನು ಉದ್ದ ಮಾಡಿದೆ. ಮಾವನಿಗೆ ಸಾಲಲಿಲ್ಲ. ಇನ್ನೂ ಉದ್ದ ಮಾಡಿದೆ. ಕ್ರಮೇಣ ನಮ್ಮ ತಿಂಗಳ ಪತ್ರಿಕೆ ಅವರಿಗೆ ಧಾರಾವಾಹಿಯಂತೆ ಹಿಡಿದುಬಿಟ್ಟಿತು. ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಸಂಧ್ಯಾವಂದನೆ ಮುಗಿಸಿ ಕುರ್ಚಿ ಎಳೆದುಕೊಂಡು, “ಆ ಸ್ಟೋರ್ಸ್ ಮ್ಯಾನೇಜರ್ ಕಥೆ ಏನಾಯ್ತೋ?” ಎಂದು ಕಾಯುತ್ತಿದ್ದರು.

ಕುಟುಂಬ ದಿನಾಚರಣೆಯ ಫೋಟೋಗಳು ಬಂದಾಗ ಜಯಲಕ್ಷ್ಮಿ ನನ್ನನ್ನು ಕುರ್ಚಿಯಿಂದಲೇ ಎಬ್ಬಿಸಿದಳು.

“‘ಸೀರೆ ಉಟ್ಟ ಮಹಿಳೆಯರು’ ಅಂತ ಬರೆದಿದೀರಲ್ಲ, ಎನ್ನಂಗ ಇದು? ಸೀರೆ ಉಡದೆ ಮತ್ತಿನ್ನೇನು ಉಟ್ಟು ಬರ್ತಾರೆ? ಜರಿ ಯಾವುದು, ಅಂಚು ಎಷ್ಟಗಲ ಅಂತ ಬರೀಬೇಕು. ನೀವು ಏಳಿ.”

ಹೀಗೆ ಸೀರೆ ವಿಭಾಗ ಅವಳ ಪಾಲಾಯಿತು. ನನಗೆ ಒಳಗೊಳಗೇ ಪುಕುಪುಕು. ಇಷ್ಟೆಲ್ಲ ಬರೆಯಬಹುದೇ? ಆಫೀಸಿನವರು ನೋಡಿದರೆ? ಕೊಯಮತ್ತೂರಿನಲ್ಲಿ ಫಿಸಿಯೋಥೆರಪಿ ಓದುತ್ತಿರುವ ಮಗಳು ಮಾನ್ಯಾಗೆ ಫೋನ್ ಮಾಡಿ ಕೇಳಿದೆ. ಅವಳು ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವವಳು.

“ಅಪ್ಪಾ, ಅದು ಕಣ್ಣುಕ್ಕು ತೆರಿಯಾದು, ಕಾದುಕ್ಕು ಮಟ್ಟುಂದಾನ್,” ಎಂದಳು.

ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ. ಈ ವಾಕ್ಯದ ಮೊದಲರ್ಧ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎರಡನೆಯ ಅರ್ಧದ ಬಗ್ಗೆ ಯೋಚಿಸಲೇ ಇಲ್ಲ. ಸೋಮಲಿಂಗಪ್ಪನವರೂ ಒಂದು ದಿನ ಬಂದು ಎಲ್ಲವನ್ನೂ ತೆರೆಯ ಮೇಲೆ ನೋಡಿ, “ಭಾಳ ಚಲೋ ಆಗೇತಿ,” ಎಂದು ಹೋದರು. ಅವರಿಗೆ ಕಂಡದ್ದು ಬರಿಯ ಫೋಟೋ. ಹದಿನೈದು ವರ್ಷ ಹಳೆಯ ಪತ್ರಿಕೆಯನ್ನು ನಮ್ಮ ಮಾವನನ್ನು ಬಿಟ್ಟು ಇನ್ಯಾರು ಕಿವಿಗೊಟ್ಟು ಕೇಳುತ್ತಾರೆ ಎಂದು ನಾನು ಧೈರ್ಯ ತಂದುಕೊಂಡೆ. ನನ್ನ ಜೀವನದಲ್ಲಿ ಧೈರ್ಯ ತಂದುಕೊಂಡದ್ದು ಅದೊಂದೇ ಸಲ. ಇನ್ನು ಜನ್ಮದಲ್ಲಿ ತಂದುಕೊಳ್ಳುವುದಿಲ್ಲ.

ಕೊನೆಯ ವಾರದಲ್ಲಿ ಎರಡು ಸಾವಿರದ ಒಂಬತ್ತರ ಬೆಂಕಿ ಅಭ್ಯಾಸದ ಫೋಟೋ ಬಂತು. ಗಂಟೆ ಬಾರಿಸಿ, ಬೆಂಕಿ ಬಿದ್ದಿದೆ ಎಂದು ಭಾವಿಸಿ, ಎಲ್ಲರೂ ಹೊರಗೆ ಓಡುವ ಅಭ್ಯಾಸ. ‘ನೌಕರರು ಹೊರಬರುತ್ತಿದ್ದಾರೆ’ ಎಂದು ಬರೆದು ಮಾವನಿಗೆ ಕೇಳಿಸಿದೆ.

“ಎಷ್ಟು ಜನ?”

“ಹದಿನೈದು ಇಪ್ಪತ್ತು.”

“ಬಾಗಿಲು ಯಾರು ಹಿಡ್ಕೊಂಡಿದ್ರು?”

“ಯಾವ ಬಾಗಿಲು ಮಾವ?”

“ಅಷ್ಟು ಜನ ಓಡಿ ಬರ್ತಿದ್ರೆ ಫ್ಯಾಕ್ಟರಿ ಬಾಗಿಲು ತಾನಾಗೇ ತೆರಕೊಂಡು ನಿಂತಿರತ್ತೇನೋ? ಹಾರ್ಬರಿನಲ್ಲಿ ಅದಕ್ಕೇ ಒಬ್ಬ ಇರ್ತಿದ್ದ. ಸರಿಯಾಗಿ ನೋಡು.”

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹೌದು, ಒಬ್ಬ ಇದ್ದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಐತಪ್ಪ, ಕಾಂಟ್ರಾಕ್ಟ್ ಕೆಲಸಗಾರ. ಎಷ್ಟೋ ವರ್ಷದ ಹಿಂದೆಯೇ ಬಿಟ್ಟುಹೋದ. ದಿನಾ ನನಗೆ ಟೀ ಲೋಟ ತಂದಿಡುತ್ತಿದ್ದವನನ್ನು ನಾನು ಇಷ್ಟು ವರ್ಷ ಆ ಫೋಟೋದಲ್ಲಿ ನೋಡಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಕೂತು, ಕಂಡದ್ದನ್ನು ಕಂಡ ಹಾಗೆ ಬರೆದೆ. ಬರೆದು ಮುಗಿಸಿದ ಮೇಲೆ, ಈ ಒಂಬೈನೂರ ಮೂವತ್ತರಲ್ಲಿ ಇದೊಂದು ಚೆನ್ನಾಗಿದೆ ಎಂದು ನನಗೇ ಅನ್ನಿಸಿತು. ಜಯಲಕ್ಷ್ಮಿ ಒಮ್ಮೆ ಓದಿ ನೋಡುತ್ತೇನೆ ಎಂದಳು. ಸರಿ ಎಂದು ಸ್ನಾನಕ್ಕೆ ಹೋದೆ.

ಜೂನ್ ಹತ್ತು. ಬೆಳಗ್ಗೆ ಎರಡು ಬಿ.ಪಿ. ಮಾತ್ರೆ ನುಂಗಿದೆನೋ ಒಂದೋ ಎಂಬ ಸಂಶಯದಲ್ಲೇ ಆಫೀಸು ಸೇರಿದೆ. ಸದಾನಂದರು ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ, ಮಂಗಳೂರಿನವರು. ಕೈಯಲ್ಲಿ ಬಿಳಿ ಕೋಲು. ಅವರಿಗೇ ಕಣ್ಣು ಕಾಣಿಸುವುದಿಲ್ಲ ಎಂದು ನನಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ. ಮೀಟಿಂಗ್ ಹಾಲಿನಲ್ಲಿ ಸೋಮಲಿಂಗಪ್ಪನವರೂ ಹನ್ನೆರಡು ಜನ ಅಧಿಕಾರಿಗಳೂ ಕೂತಿದ್ದರು. ಸದಾನಂದರು ತಮ್ಮ ಲ್ಯಾಪ್‌ಟಾಪಿನ ವೈರನ್ನು ಹಾಲಿನ ಸ್ಪೀಕರಿಗೆ ಸಿಕ್ಕಿಸಿದರು.

“ಎಲ್ಲರೂ ಕೇಳುವ ಅಲ್ವಾ?” ಎಂದರು.

ಕಾದುಕ್ಕು ಮಟ್ಟುಂದಾನ್. ಮಗಳ ವಾಕ್ಯದ ಎರಡನೆಯ ಅರ್ಧ ಆಗ ಬಂದು ನನ್ನ ಎದೆಗೆ ಬಡಿಯಿತು.

ಮೊದಲ ಐದು ಕಡತಗಳು ದೇವರ ದಯೆಯಿಂದ ಬರಿಯ ಅಕ್ಷರ. ಆರನೆಯದು ಕುಟುಂಬ ದಿನಾಚರಣೆ. ಹೆಣ್ಣುಧ್ವನಿ ಹಾಲ್ ತುಂಬ ಮೊಳಗಿತು. “ವೇದಿಕೆಯಲ್ಲಿ ಶ್ರೀಮತಿ ಸೋಮಲಿಂಗಪ್ಪ. ನವಿಲುಗರಿ ಬಣ್ಣದ ರೇಷ್ಮೆ, ಅಂಗೈ ಅಗಲದ ಜರಿ ಅಂಚು. ಹಿಂದಿನ ವರ್ಷದ ಚಿತ್ರದಲ್ಲೂ ಇದೇ ಸೀರೆ. ಆದರೂ ಅವರಿಗೆ ಒಪ್ಪುತ್ತದೆ.” ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿದರು. ಸೋಮಲಿಂಗಪ್ಪನವರ ಕಿವಿ ಕೆಂಪಾಯಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಏಳನೆಯದಕ್ಕೆ ಸದಾನಂದರು, “ಎರಡು ಸಾವಿರದ ಒಂಬತ್ತು, ಮಾರ್ಚ್,” ಎಂದರು. ಬಾತ್‌ರೂಮಿಗೆ ಹೋಗಬೇಕೆಂದು ಎದ್ದೆ. ಅಷ್ಟರಲ್ಲಿ ಧ್ವನಿ ಶುರುವಾಯಿತು. ಕೂತೆ.

“ಬೆಂಕಿ ಅಭ್ಯಾಸದ ದಿನ. ಗಂಟೆ ಬಾರಿಸಿದೆ, ಎಲ್ಲರೂ ಹೊರಗೆ ಬರುತ್ತಿದ್ದಾರೆ. ಎಲ್ಲರಿಗಿಂತ ಮುಂದೆ ಓಡುತ್ತಿರುವವರು ಅಂದಿನ ಸುರಕ್ಷತಾ ಅಧಿಕಾರಿ ಶ್ರೀ ಸೋಮಲಿಂಗಪ್ಪ. ನಿಯಮದ ಪ್ರಕಾರ ಅವರು ಎಲ್ಲರಿಗಿಂತ ಕೊನೆಗೆ ಬರಬೇಕು. ಅವರ ಒಂದು ಕಾಲಿನಲ್ಲಿ ಬೂಟಿಲ್ಲ. ಎರಡನೆಯವರು ದಾಖಲೆ ವಿಭಾಗದ ಮುರಳೀಧರ. ಮನೆಯಲ್ಲಿ ಕುಕ್ಕರ್ ಕೂಗಿದರೂ ಇವರು ಹೀಗೇ ಓಡುತ್ತಾರೆ.”

ಈ ಕೊನೆಯ ಸಾಲು ನಾನು ಬರೆದದ್ದಲ್ಲ! ಸ್ನಾನ ಮಾಡಿ ಬರುವಷ್ಟರಲ್ಲಿ ಜಯಲಕ್ಷ್ಮಿ ಸೇರಿಸಿದ್ದಳು. ಧ್ವನಿ ನಿಲ್ಲಲಿಲ್ಲ.

“ಎಡಗಡೆ ಬಾಗಿಲಿಗೆ ಬೆನ್ನು ಕೊಟ್ಟು ಒಬ್ಬ ಕೆಲಸಗಾರ ನಿಂತಿದ್ದಾನೆ. ಬಾಗಿಲು ಮುಚ್ಚಿಕೊಳ್ಳದಂತೆ ತಡೆದಿದ್ದಾನೆ. ಅವನು ಓಡುತ್ತಿಲ್ಲ. ಚಿತ್ರದ ಕೆಳಗೆ ಹದಿನಾಲ್ಕು ಜನರ ಹೆಸರಿದೆ, ಇವನ ಹೆಸರಿಲ್ಲ. ಇವನ ಹೆಸರು ಐತಪ್ಪ.”

ಸೋಮಲಿಂಗಪ್ಪನವರು ನಿಧಾನವಾಗಿ ನನ್ನ ಕಡೆ ತಿರುಗಿದರು.

“ಇದನ್ನ ಬರದವ್ರು ಯಾರ್ರೀ?”

ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಹತ್ತೊಂಬತ್ತು ಐಟಮಿನ ಪಟ್ಟಿ ಹಾದುಹೋಯಿತು. ಮಾತು ಸಲೀಸಾಗಿ ಹೊರಟಿತು.

“ನಾನಲ್ಲ ಸಾರ್! ನನ್ನ ಹೆಂಡ್ತಿ ಸಾರ್! ಎಲ್ಲಾ ಅವಳೇ ಬರೆದದ್ದು. ಬೇಡ ಬೇಡ ಅಂದೆ, ಕೇಳ್ಲಿಲ್ಲ ಸಾರ್.”

“ಮತ್ತ, ಕುಕ್ಕರಿನ ಮಾತು ಹೆಂಡ್ತಿ ಬಿಟ್ಟ್ ಮತ್ಯಾರ್ ಬರೀತಾರ,” ಎಂದು ಹಿಂದಿನಿಂದ ಯಾರೋ ಅಂದರು.

ಸದಾನಂದರು ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದರು. “ಹದಿನಾಲ್ಕು ವರ್ಷದಿಂದ ನಾನು ಇದೇ ಕೆಲಸ ಮಾಡುವುದು. ‘ಗಣ್ಯರು ನಿಂತಿದ್ದಾರೆ’, ‘ನೌಕರರು ನಿಂತಿದ್ದಾರೆ’, ಇಷ್ಟೇ ಕೇಳಿ ಕೇಳಿ ಸಾಕಾಗಿದೆ. ಫೋಟೋದಲ್ಲಿ ಬಾಗಿಲು ಹಿಡಿದವನನ್ನು ಇವತ್ತು ಕಂಡೆ ಮಾರಾಯ್ರೆ. ನೀವು ಕಣ್ಣಿದ್ದವರು ಯಾರಾದ್ರೂ ಅವನನ್ನು ನೋಡಿದ್ರಾ?”

ಸೋಮಲಿಂಗಪ್ಪನವರು ಒಂದು ನಿಮಿಷ ತಲೆ ಕೆಳಗೆ ಹಾಕಿ ಕೂತಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. “ಖರೇ ರೀ, ಬೂಟು ಅಲ್ಲೇ ಬಿಟ್ಟು ಓಡಿದ್ದೆ. ಐತಪ್ಪ ತಂದುಕೊಟ್ಟ. ಅವನ ಹೆಸರು ಹಾಕಿಸೋದು ನನಗೂ ಹೊಳೀಲಿಲ್ಲ ನೋಡ್ರಿ.”

ಉಳಿದ ಮೂರು ಕಡತಗಳೂ ಮುಗಿದು ನಾವು ಪಾಸಾದೆವು. ಹೆಡ್ ಆಫೀಸಿನ ಬೇರೆ ಕಾರ್ಖಾನೆಗಳ ಹಳೆಯ ಕಡತಗಳಿಗೂ ಇಂಥದೇ ವಿವರಣೆ ಬೇಕು, ಎರಡು ವರ್ಷದ ಕೆಲಸವಿದೆ, ಬರೆದವರನ್ನು ಬಿಡಬೇಡಿ ಎಂದರು ಸದಾನಂದರು. ಎರಡು ವರ್ಷ ಎಂದ ಕೂಡಲೇ ನಾನು ಎದ್ದು ನಿಂತೆ.

“ಸಾರ್, ಒಂದ್ನಿಮಿಷ. ನಿಜ ಹೇಳ್ಬೇಕಂದ್ರೆ ಆ ಐತಪ್ಪನ ಭಾಗ—”

“ಸುಮ್ನ ಕುಂದರ್ರಿ ಮುರಳೀಧರ. ಹೆಂಡ್ತಿ ಮ್ಯಾಲ ಹೊಟ್ಟೆಕಿಚ್ಚು ಪಡಬಾರದು. ನಮ್ಮ ಹತ್ರ ಇರೋದು ಒಂದ ಪೋಸ್ಟು. ಅದು ಬರದವ್ರಿಗೆ ಹೋಗಬೇಕೋ ಬ್ಯಾಡ ಬ್ಯಾಡ ಅಂದವ್ರಿಗೋ? ನೀವು ಆರಾಮ ಮನ್ಯಾಗ ಇರ್ರಿ.”

ಎರಡು ದಿನ ಕಳೆದು ಆರ್ಡರ್ ಬಂತು. ಶ್ರೀಮತಿ ಜಯಲಕ್ಷ್ಮಿ ಮುರಳೀಧರ ಅವರಿಗೆ. ಅವಳು ಅದನ್ನು ಎರಡು ಸಲ ಓದಿದಳು, ಕನ್ನಡಕ ತೆಗೆದಳು.

“ನಾನು ಬರೆದದ್ದು ಸೀರೆ, ಆಮೇಲೆ ಕುಕ್ಕರ್. ಐತಪ್ಪನ್ನ ಬರೆದದ್ದು ನೀವು. ಅದೇ ಅವರಿಗೆ ಹಿಡಿಸಿದ್ದು ಅಂತ ಬರೆದಿದಾರೆ. ನನ್ನ ಹೆಸರು ಯಾಕ್ರೀ ಹೇಳಿದ್ರಿ?”

“ಹೆದರಿಕೆ ಆಯ್ತು ಜಯಾ.”

“ಅಂದ್ರೆ, ಬೈಗುಳ ಬಂದ್ರೆ ನಂಗೆ ಬರ್ಲಿ ಅಂತ.”

ಅದೇ ನಿಜ, ಅದೇ ಅಸಹ್ಯ. ಅವಳು ಆರ್ಡರನ್ನು ಮಡಚಿ ಮೇಜಿನ ಮೇಲಿಟ್ಟಳು.

“ಸರಿ, ನಾನೇ ಫೋನ್ ಮಾಡಿ ನಿಜ ಹೇಳ್ಲಾ? ನಮ್ಮನೆಯವರೇ ಬರೆದದ್ದು, ಸುಳ್ಳು ಹೇಳಿದ್ರು ಅಂತ?”

ಯೋಚಿಸಿದೆ. ಬೂಟಿನ ವಿಷಯ ಬರೆದವನೂ ನಾನೇ, ಹನ್ನೆರಡು ಜನರ ಮುಂದೆ ಸುಳ್ಳು ಹೇಳಿದವನೂ ನಾನೇ ಎಂದು ಸೋಮಲಿಂಗಪ್ಪನವರಿಗೆ ಗೊತ್ತಾದರೆ? ಎಡಗೈ ಮತ್ತೆ ಜೋಮು ಹಿಡಿಯಿತು.

“ಬೇಡ,” ಎಂದೆ.

“ಎರಡು ಸಲ ಕೇಳಲ್ಲ,” ಎಂದಳು ಜಯಲಕ್ಷ್ಮಿ.

ಜುಲೈ ಒಂದು, ಬೆಳಗ್ಗೆ. ಬಾಲ್ಕನಿಯಲ್ಲಿ ನಾನೂ ಮಾವನೂ ನಿಂತಿದ್ದೆವು. ಕೆಳಗೆ ಕಂಪನಿ ಬಸ್ಸು ಬಂದು ನಿಂತಿತು.

“ಏನಾಗ್ತಾ ಇದೆಯೋ ಮುರಳಿ, ಹೇಳು.”

“ಬಸ್ಸು ಬಂತು ಮಾವ. ಜಯಾ ಹತ್ತಿದಳು.”

“ಅಷ್ಟೇನಾ?”

ಮನಸ್ಸಿಲ್ಲದ ಮನಸ್ಸಿನಿಂದ ಸರಿಯಾಗಿ ನೋಡಿದೆ. “ಮಾವಿನಚಿಗುರು ಬಣ್ಣದ ಕಾಟನ್ ಸೀರೆ. ಹೆಗಲಿಗೆ ಬ್ಯಾಗು. ಡ್ರೈವರ್ ಎದ್ದು ‘ವಣಕ್ಕಂ ಮೇಡಂ’ ಅಂದ. ಮೂವತ್ತೊಂದು ವರ್ಷದಲ್ಲಿ ನನಗೆ ಅವನು ಒಂದು ಸಲವೂ ಅಂದಿಲ್ಲ. ಮುಂದಿನ ಸೀಟಿನವರು ಸರಿದು ಜಾಗ ಕೊಟ್ಟರು.”

“ಅವಳ ಮುಖ ಹೇಗಿತ್ತು?”

“ಸಂತೋಷವಾಗಿತ್ತು ಮಾವ. ತುಂಬಾ.”

“ನಿನ್ನ ಮುಖ?”

“ಚೆನ್ನಾಗೇ ಇದೆ,” ಎಂದೆ.

ಮಾವ ಕೈ ಚಾಚಿ ನನ್ನ ಹಣೆ, ಮೂಗು, ಗಲ್ಲ ಎಲ್ಲವನ್ನೂ ನಿಧಾನವಾಗಿ ತಡವಿ ನೋಡಿದರು.

“ಸರಿಯಿಲ್ಲ,” ಎಂದರು. “ತಿದ್ದಿ ಬರಿ.”